ಸಾಮಾನ್ಯ ಚಿಕಿತ್ಸಾಲಯದೊಳಗೆ ಮಾನಸಿಕ ಆರೋಗ್ಯ ಸೇವೆ: ಫಲವೆಷ್ಟು, ಖರ್ಚೆಷ್ಟು?

ಪ್ರಶ್ನೆ
ಬರೆದವರು: ಯೋಜನಾ ಸಹಾಯಕ

ನಾನು ಕೆಲಸ ಮಾಡುವ ಆರೋಗ್ಯ ಸಂಸ್ಥೆಯ ಮುಂದೆ ಒಂದು ಪ್ರಸ್ತಾವವಿದೆ. ಖಿನ್ನತೆ ಮತ್ತು ಆತಂಕದ ತೊಂದರೆ ಇರುವವರನ್ನು ಪ್ರತ್ಯೇಕ ಮನೋರೋಗ ವಿಭಾಗಕ್ಕೆ ಕಳುಹಿಸುವ ಬದಲು, ಅವರು ಮಧುಮೇಹಕ್ಕೋ ರಕ್ತದೊತ್ತಡಕ್ಕೋ ಮೈಕೈ ನೋವಿಗೋ ಬರುವ ಸಾಮಾನ್ಯ ಚಿಕಿತ್ಸಾಲಯದಲ್ಲಿಯೇ, ಅವರಿಗೆ ಪರಿಚಯವಿರುವ ವೈದ್ಯರ ಸುತ್ತ ಒಂದು ಸಣ್ಣ ತಂಡವನ್ನು ಕಟ್ಟಿ ಚಿಕಿತ್ಸೆ ಒದಗಿಸಬೇಕು ಎಂಬುದು ಅದರ ಸಾರ. ಇದನ್ನು ತೂಗಿ ನೋಡಿ ಆಡಳಿತ ಮಂಡಳಿಗೆ ಟಿಪ್ಪಣಿ ಬರೆದುಕೊಡುವ ಹೊಣೆ ನನ್ನದು.

ಪ್ರಸ್ತಾವದ ಹಿಂದಿರುವ ಕಾಳಜಿ ನನಗೆ ಅರ್ಥವಾಗುತ್ತದೆ. ನಿದ್ರೆ ಬಾರದು, ಹಸಿವಿಲ್ಲ, ಸದಾ ತಲೆನೋವು ಎಂದು ಬರುವವರಲ್ಲಿ ಅನೇಕರ ನಿಜವಾದ ತೊಂದರೆ ಖಿನ್ನತೆ ಆಗಿರುತ್ತದೆ. ಅದನ್ನು ಗುರುತಿಸಿ ತಜ್ಞರ ಬಳಿಗೆ ಚೀಟಿ ಬರೆದುಕೊಟ್ಟರೂ, ದೂರ, ಸಂಕೋಚ, ಕಾಯುವಿಕೆ ಇವುಗಳ ನಡುವೆ ಎಷ್ಟೋ ಜನ ಅಲ್ಲಿಗೆ ತಲುಪುವುದಿಲ್ಲ. ಆದರೆ ಮಂಡಳಿ ಕೇಳುವುದು ಕಾಳಜಿಯ ಮಾತನ್ನಲ್ಲ, ಲೆಕ್ಕವನ್ನು. ಇದರಿಂದ ರೋಗಿಗಳು ನಿಜಕ್ಕೂ ಹೆಚ್ಚು ಸುಧಾರಿಸುತ್ತಾರೆಯೇ, ಸುಧಾರಿಸಿದರೆ ಎಷ್ಟು? ಹಾಕಿದ ಹಣ ಬೇರೆ ಖರ್ಚುಗಳ ಇಳಿಕೆಯಿಂದ ತಿರುಗಿ ಬರುತ್ತದೆಯೇ, ಬರುವುದಾದರೆ ಎಷ್ಟು ವರ್ಷಗಳಲ್ಲಿ?

ನಾನು ಓದಿದ ಬರಹಗಳಲ್ಲಿ ಕೆಲವು ಇದನ್ನು ಹಣ ಉಳಿಸುವ ಉಪಾಯವೆಂದು ಹೊಗಳುತ್ತವೆ, ಕೆಲವು ಮೊದಲ ವರ್ಷದಲ್ಲಿ ಖರ್ಚು ಏರುವುದು ಖಂಡಿತ ಎನ್ನುತ್ತವೆ. ಎರಡೂ ಕಡೆಯವರು ಒಂದೇ ಪ್ರಯೋಗವನ್ನು ಉಲ್ಲೇಖಿಸಿರುವುದನ್ನೂ ನೋಡಿದ್ದೇನೆ. ಜೊತೆಗೆ ಇನ್ನೊಂದು ಪ್ರಶ್ನೆ: ಹಣ ಕಡಿಮೆಯಿದ್ದರೆ ಈ ವ್ಯವಸ್ಥೆಯ ಯಾವ ಭಾಗವನ್ನು ಬಿಟ್ಟರೂ ಫಲ ಕೆಡುವುದಿಲ್ಲ? ಈ ಕೆಲಸವನ್ನು ಹತ್ತಿರದಿಂದ ಬಲ್ಲವರು ತಿಳಿಸಿಕೊಟ್ಟರೆ ಉಪಕಾರವಾಗುತ್ತದೆ.

ಉತ್ತರ 1
ಬರೆದವರು: ಮನೋವೈದ್ಯೆ, ಸಮುದಾಯ ಸೇವೆ

ಫಲ ಇದೆ, ಅದಕ್ಕೆ ಆಧಾರವೂ ಗಟ್ಟಿಯಾಗಿದೆ. ಆದರೆ ಆ ಆಧಾರ ಯಾವ ವ್ಯವಸ್ಥೆಗೆ ಸೇರಿದ್ದು ಎಂಬುದನ್ನು ನಿಮ್ಮ ಟಿಪ್ಪಣಿಯ ಮೊದಲ ಪುಟದಲ್ಲಿಯೇ ಸ್ಪಷ್ಟಪಡಿಸಬೇಕು, ಏಕೆಂದರೆ ಹೆಚ್ಚಿನ ಗೊಂದಲ ಹುಟ್ಟುವುದು ಅಲ್ಲಿಯೇ. ಚಿಕಿತ್ಸಾಲಯದ ಒಂದು ಕೋಣೆಯಲ್ಲಿ ವಾರಕ್ಕೊಮ್ಮೆ ಮನೋವೈದ್ಯರನ್ನು ಕೂರಿಸುವುದು ಒಂದು ಬಗೆ. ಬಂದವರೆಲ್ಲರಿಗೂ ಖಿನ್ನತೆಯ ಪ್ರಶ್ನಾವಳಿಯನ್ನು ತುಂಬಿಸಿ ಅಂಕವನ್ನು ವೈದ್ಯರ ಮೇಜಿಗೆ ಕಳುಹಿಸುವುದು ಇನ್ನೊಂದು ಬಗೆ. ವೈದ್ಯರಿಗೆ ಎರಡು ದಿನದ ತರಬೇತಿ ಕೊಟ್ಟು ಬಿಡುವುದು ಮತ್ತೊಂದು. ಇವೆಲ್ಲವನ್ನೂ ಜನ ಸಂಯೋಜಿತ ಸೇವೆ ಎಂದೇ ಕರೆಯುತ್ತಾರೆ, ಆದರೆ ಬರಿಯ ಪ್ರಶ್ನಾವಳಿಯಿಂದಾಗಲಿ ಬರಿಯ ತರಬೇತಿಯಿಂದಾಗಲಿ ರೋಗಿಯ ಸ್ಥಿತಿ ಹೇಳಿಕೊಳ್ಳುವಷ್ಟು ಬದಲಾಗುವುದಿಲ್ಲ ಎಂಬುದು ಮತ್ತೆ ಮತ್ತೆ ಕಂಡುಬಂದಿದೆ.

ಪ್ರಯೋಗಗಳಲ್ಲಿ ಗೆದ್ದಿರುವುದು ಸಹಯೋಗದ ಆರೈಕೆ ಎಂಬ ನಿರ್ದಿಷ್ಟ ಮಾದರಿ. ವಾಷಿಂಗ್ಟನ್ ವಿಶ್ವವಿದ್ಯಾಲಯದ ವೇಯ್ನ್ ಕೇಟನ್ ಮತ್ತು ಅವರ ಸಹೋದ್ಯೋಗಿಗಳು 1995ರಲ್ಲಿ ಇದರ ಮೊದಲ ಪ್ರಮುಖ ಪ್ರಯೋಗವನ್ನು ಪ್ರಕಟಿಸಿದರು. ಇದರಲ್ಲಿ ನಾಲ್ಕು ಅಂಗಗಳಿವೆ. ರೋಗಿಯ ಬೆನ್ನಿಗೆ ನಿಂತು ಅವರನ್ನು ನಿಯಮಿತವಾಗಿ ವಿಚಾರಿಸುವ ಆರೈಕೆ ಸಂಯೋಜಕರು ಒಬ್ಬರು ಇರುತ್ತಾರೆ. ಚಿಕಿತ್ಸೆಯಲ್ಲಿರುವ ಎಲ್ಲರ ಹೆಸರು, ಅಂಕ, ಕಳೆದ ಬಾರಿ ಮಾತಾಡಿದ ದಿನ ಇವು ಒಂದೇ ನೋಟಕ್ಕೆ ಕಾಣುವ ನೋಂದಣಿ ಪಟ್ಟಿ ಇರುತ್ತದೆ. ಪಿಎಚ್‌ಕ್ಯು-9 ಎಂಬ ಒಂಬತ್ತು ಪ್ರಶ್ನೆಗಳ ಖಿನ್ನತೆಯ ಪ್ರಶ್ನಾವಳಿಯಂಥ ಅಳತೆಗೋಲಿನಿಂದ ಪ್ರತಿಬಾರಿಯೂ ಅಳೆದು, ಕೆಲವು ವಾರಗಳಲ್ಲಿ ಅಂಕ ಇಳಿಯದಿದ್ದರೆ ಚಿಕಿತ್ಸೆಯನ್ನು ಬದಲಿಸುವ ಕಟ್ಟುನಿಟ್ಟು ಇರುತ್ತದೆ. ಮನೋವೈದ್ಯರು ವಾರಕ್ಕೊಮ್ಮೆ ಸಂಯೋಜಕರೊಂದಿಗೆ ಕುಳಿತು, ಸುಧಾರಿಸದವರ ಬಗ್ಗೆ ಮುಖ್ಯವಾಗಿ ಚರ್ಚಿಸಿ, ಸಲಹೆಯನ್ನು ಚಿಕಿತ್ಸಾಲಯದ ವೈದ್ಯರಿಗೆ ತಲುಪಿಸುತ್ತಾರೆ. ಮನೋವೈದ್ಯರು ಪ್ರತಿಯೊಬ್ಬ ರೋಗಿಯನ್ನೂ ತಾವೇ ನೋಡುವುದಿಲ್ಲ, ಆದ್ದರಿಂದಲೇ ಅವರ ಒಂದು ಗಂಟೆ ಹತ್ತಾರು ಜನರಿಗೆ ಉಪಯೋಗಕ್ಕೆ ಬರುತ್ತದೆ.

ಇದು ಏಕೆ ಕೆಲಸ ಮಾಡುತ್ತದೆ ಎಂಬುದೂ ಮುಖ್ಯ. ಸಾಮಾನ್ಯ ಚಿಕಿತ್ಸೆ ಸೋಲುವುದು ತಪ್ಪು ಔಷಧದಿಂದಲ್ಲ. ಔಷಧ ಆರಂಭಿಸಿದವರು ಎರಡು ಮೂರು ವಾರಗಳಲ್ಲಿ, ಫಲ ಕಾಣುವ ಮೊದಲೇ, ಅಡ್ಡ ಪರಿಣಾಮಕ್ಕೆ ಹೆದರಿ ಅದನ್ನು ನಿಲ್ಲಿಸಿರುತ್ತಾರೆ, ಮತ್ತು ಅದು ಯಾರ ಗಮನಕ್ಕೂ ಬಂದಿರುವುದಿಲ್ಲ. ಇಲ್ಲವೇ ಅದೇ ಪ್ರಮಾಣದ ಅದೇ ಗುಳಿಗೆಯನ್ನು ತಿಂಗಳುಗಟ್ಟಲೆ ನುಂಗುತ್ತಾ, ಸುಧಾರಣೆಯಿಲ್ಲದೆ, ಇಷ್ಟೇ ನನ್ನ ಪಾಲು ಎಂದುಕೊಂಡಿರುತ್ತಾರೆ. ಖಿನ್ನತೆಯ ಸ್ವಭಾವವೇ ಹಾಗೆ: ಸಹಾಯ ಕೇಳುವ ಶಕ್ತಿಯನ್ನೇ ಅದು ಮೊದಲು ಕಿತ್ತುಕೊಳ್ಳುತ್ತದೆ. ಅಂಥವರು ತಾವಾಗಿ ಮರಳಿ ಬರಲಿ ಎಂದು ಕಾಯುವ ವ್ಯವಸ್ಥೆ ಅವರನ್ನು ಕಳೆದುಕೊಳ್ಳುತ್ತದೆ, ಹುಡುಕಿಕೊಂಡು ಹೋಗುವ ವ್ಯವಸ್ಥೆ ಉಳಿಸಿಕೊಳ್ಳುತ್ತದೆ.

ಇನ್ನು ಅಂಕಿಗಳು. ಯುರ್ಗೆನ್ ಉನ್ಯುತ್ಸರ್ ನೇತೃತ್ವದ ಇಂಪ್ಯಾಕ್ಟ್ ಪ್ರಯೋಗದ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಅಮೆರಿಕದ 5 ರಾಜ್ಯಗಳ 18 ಚಿಕಿತ್ಸಾಲಯಗಳಲ್ಲಿ, 60 ದಾಟಿದ 1,801 ಜನರು ಅದರಲ್ಲಿದ್ದರು. ಒಂದು ವರ್ಷದ ಕೊನೆಗೆ ಖಿನ್ನತೆಯ ಲಕ್ಷಣಗಳು ಅರ್ಧಕ್ಕಾದರೂ ಇಳಿದವರು ಸಹಯೋಗದ ಗುಂಪಿನಲ್ಲಿ ಶೇ. 45, ಮಾಮೂಲಿ ಚಿಕಿತ್ಸೆಯ ಗುಂಪಿನಲ್ಲಿ ಶೇ. 19. ಅಂತರ ದೊಡ್ಡದು. ಆದರೆ ಒಳ್ಳೆಯ ಗುಂಪಿನಲ್ಲಿಯೂ ಅರ್ಧಕ್ಕಿಂತ ಹೆಚ್ಚು ಜನ ಅಷ್ಟು ಸುಧಾರಿಸಲಿಲ್ಲ ಎಂಬುದನ್ನೂ ಮಂಡಳಿಗೆ ಹೇಳಿ. ವೈದ್ಯಕೀಯ ಪ್ರಯೋಗಗಳನ್ನು ಒಟ್ಟಾಗಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ 2012ರ ಪರಾಮರ್ಶೆಯು 79 ಪ್ರಯೋಗಗಳನ್ನೂ 24,308 ಜನರನ್ನೂ ಒಟ್ಟುಗೂಡಿಸಿ ನೋಡಿದಾಗ ಸರಾಸರಿ ಫಲ ಅದಕ್ಕಿಂತ ಸಣ್ಣದಾಗಿ, ಆದರೆ ಎರಡು ವರ್ಷಗಳವರೆಗೂ ಸ್ಥಿರವಾಗಿ ಕಂಡಿತು. ಅದರಾಚೆಗಿನ ಅವಧಿಗೆ ಅಷ್ಟು ಖಚಿತವಾದ ಆಧಾರ ದೊರೆಯಲಿಲ್ಲ. ಖಿನ್ನತೆ ಮರುಕಳಿಸುವ ಕಾಯಿಲೆಯಾದ್ದರಿಂದ ಇದು ಆಶ್ಚರ್ಯವಲ್ಲ. ಚಿಕಿತ್ಸೆ ಮುಗಿದವರನ್ನೂ ಆಗಾಗ ವಿಚಾರಿಸುವ ಏರ್ಪಾಡನ್ನು ನಿಮ್ಮ ಯೋಜನೆಯಲ್ಲಿಯೇ ಸೇರಿಸಿ.

ಗೋವಾದಲ್ಲಿ ನಡೆದ ಮಾನಸ್ ಪ್ರಯೋಗವನ್ನು ನಾನು ಎಲ್ಲಕ್ಕಿಂತ ಹೆಚ್ಚು ಗೌರವದಿಂದ ನೋಡುತ್ತೇನೆ. ವಿಕ್ರಮ್ ಪಟೇಲ್ ಮತ್ತು ಸಂಗಡಿಗರು 2010ರಲ್ಲಿ ಪ್ರಕಟಿಸಿದ ಇದರಲ್ಲಿ 24 ಚಿಕಿತ್ಸಾಲಯಗಳು, 2,796 ಜನರು ಇದ್ದರು. ಸಂಯೋಜಕರ ಕೆಲಸವನ್ನು ಮಾಡಿದವರು ಮಾನಸಿಕ ಆರೋಗ್ಯದಲ್ಲಿ ಪದವಿಯಿಲ್ಲದ, ಆದರೆ ತರಬೇತಿ ಪಡೆದು ಮೇಲ್ವಿಚಾರಣೆಯಲ್ಲಿ ದುಡಿದ ಸಾಮಾನ್ಯ ಆಪ್ತಸಮಾಲೋಚಕರು. ಸರ್ಕಾರಿ ಚಿಕಿತ್ಸಾಲಯಗಳಲ್ಲಿ ಆರು ತಿಂಗಳಿಗೆ ಶೇ. 65.9 ಜನ ಚೇತರಿಸಿಕೊಂಡರು, ಹೋಲಿಕೆಯ ಗುಂಪಿನಲ್ಲಿ ಶೇ. 42.5. ಆದರೆ ಖಾಸಗಿ ಚಿಕಿತ್ಸಾಲಯಗಳಲ್ಲಿ ಎರಡು ಗುಂಪುಗಳ ನಡುವೆ ವ್ಯತ್ಯಾಸವೇ ಕಾಣಲಿಲ್ಲ. ಅಲ್ಲಿ ಮಾಮೂಲಿ ಚಿಕಿತ್ಸೆ ಪಡೆದವರೂ ಅಷ್ಟೇ ಪ್ರಮಾಣದಲ್ಲಿ ಚೇತರಿಸಿಕೊಂಡಿದ್ದರು. ಹೊಸ ವ್ಯವಸ್ಥೆ ಎಷ್ಟು ಫಲ ಕೊಡುತ್ತದೆ ಎಂಬುದು ಈಗಿರುವ ವ್ಯವಸ್ಥೆ ಎಷ್ಟು ಕೊರತೆಯದು ಎಂಬುದನ್ನೂ ಅವಲಂಬಿಸಿದೆ ಎಂದು ನಾನು ಇದನ್ನು ಅರ್ಥಮಾಡಿಕೊಳ್ಳುತ್ತೇನೆ. ನಿಮ್ಮಲ್ಲಿ ಈಗ ಏನು ನಡೆಯುತ್ತಿದೆ ಎಂಬುದನ್ನು ಅಳೆಯದೆ ಬೇರೆಡೆಯ ಶೇಕಡಾವಾರನ್ನು ಎತ್ತಿ ಬರೆಯಬೇಡಿ.

ಒಂದು ಎಚ್ಚರಿಕೆ. ಇವೆಲ್ಲ ಖಿನ್ನತೆ ಮತ್ತು ಆತಂಕದ ಮಾತು. ಆತ್ಮಹತ್ಯೆಯ ತೀವ್ರ ಅಪಾಯದಲ್ಲಿರುವವರು, ಉನ್ಮಾದ ಅಥವಾ ಮನೋವಿಕೃತಿಯ ಲಕ್ಷಣಗಳಿರುವವರು ನೇರವಾಗಿ ಮನೋವೈದ್ಯರನ್ನೇ ಕಾಣಬೇಕು. ಅದಕ್ಕೆ ಬೇಕಾದ ದಾರಿ ಮೊದಲ ದಿನದಿಂದಲೇ ತೆರೆದಿರಬೇಕು.

ಉತ್ತರ 2
ಬರೆದವರು: ಆರೋಗ್ಯ ಅರ್ಥಶಾಸ್ತ್ರದ ಅಧ್ಯಾಪಕ

ಮೇಲಿನ ಉತ್ತರವನ್ನು ಪೂರ್ತಿ ಒಪ್ಪುತ್ತೇನೆ. ಖರ್ಚಿನ ಮಾತನ್ನು ನಾನು ಮುಂದುವರಿಸುತ್ತೇನೆ.

ಒಂದೇ ಪ್ರಯೋಗವನ್ನು ಎರಡೂ ಕಡೆಯವರು ಉಲ್ಲೇಖಿಸುತ್ತಾರೆ ಎಂದಿರಿ. ಅದು ಇಂಪ್ಯಾಕ್ಟ್ ಆಗಿರಬೇಕು, ಮತ್ತು ಇಬ್ಬರೂ ಹೇಳುವುದು ನಿಜ. ಎರಡು ವರ್ಷಗಳ ಲೆಕ್ಕದಲ್ಲಿ ಸಹಯೋಗದ ಗುಂಪಿನ ಪ್ರತಿಯೊಬ್ಬರೂ ಸರಾಸರಿ 107 ದಿನ ಹೆಚ್ಚಾಗಿ ಖಿನ್ನತೆಯಿಲ್ಲದೆ ಕಳೆದರು, ಮತ್ತು ಅವರ ಹೊರರೋಗಿ ಚಿಕಿತ್ಸೆಯ ವೆಚ್ಚ 295 ಡಾಲರ್ ಹೆಚ್ಚಾಯಿತು. ಅಂದರೆ ಖಿನ್ನತೆಯಿಲ್ಲದ ಒಂದು ದಿನಕ್ಕೆ 3 ಡಾಲರಿಗಿಂತ ಕಡಿಮೆ. ಇದು ಉಳಿತಾಯವಲ್ಲ, ಖರ್ಚು. ಆದರೆ ಆ ಖರ್ಚಿಗೆ ಸಿಕ್ಕಿದ್ದು ಬಹಳ. ನಾಲ್ಕು ವರ್ಷಗಳ ಲೆಕ್ಕ 2008ರಲ್ಲಿ ಬಂತು. ಅದರಲ್ಲಿ ಒಟ್ಟು ಆರೋಗ್ಯ ವೆಚ್ಚ ಸಹಯೋಗದ ಗುಂಪಿನಲ್ಲಿ ತಲಾ 29,422 ಡಾಲರ್, ಮಾಮೂಲಿ ಗುಂಪಿನಲ್ಲಿ 32,785 ಡಾಲರ್. 3,363 ಡಾಲರ್ ಉಳಿತಾಯ ಎಂದು ಎಲ್ಲೆಡೆ ಬರೆಯುವುದು ಇದನ್ನೇ. ಆದರೆ ಈ ಲೆಕ್ಕ ಮೂಲ ಪ್ರಯೋಗದ ಎಂಟು ಸಂಸ್ಥೆಗಳ ಪೈಕಿ ಎರಡರದು ಮಾತ್ರ, 551 ಜನರದು, ಮತ್ತು ಎರಡು ಸರಾಸರಿಗಳ ಅನಿಶ್ಚಿತತೆಯ ವ್ಯಾಪ್ತಿಗಳು ಒಂದರ ಮೇಲೊಂದು ಬೀಳುವಷ್ಟು ಅಗಲವಾಗಿವೆ. ಉಳಿತಾಯ ಆಗಿರಬಹುದು. ಅದನ್ನು ನಂಬಿ ಬಜೆಟ್ ಕಟ್ಟಲಾಗದು.

ಇತರ ಪ್ರಯೋಗಗಳೂ ಇದೇ ಚಿತ್ರವನ್ನು ಕೊಡುತ್ತವೆ. ಖಿನ್ನತೆಯ ಜೊತೆಗೆ ನಿಯಂತ್ರಣ ತಪ್ಪಿದ ಮಧುಮೇಹ ಅಥವಾ ಹೃದ್ರೋಗ ಇದ್ದ 214 ಜನರ ಮೇಲೆ ಕೇಟನ್ ಅವರು ನಡೆಸಿದ ಟೀಮ್‌ಕೇರ್ ಪ್ರಯೋಗದಲ್ಲಿ, ಒಬ್ಬ ನರ್ಸ್ ಸಕ್ಕರೆ, ರಕ್ತದೊತ್ತಡ, ಕೊಲೆಸ್ಟರಾಲ್ ಮತ್ತು ಮನಸ್ಸಿನ ಸ್ಥಿತಿ ಎಲ್ಲವನ್ನೂ ಒಟ್ಟಿಗೆ ನೋಡಿಕೊಂಡರು. ಎರಡು ವರ್ಷಗಳಲ್ಲಿ ಖಿನ್ನತೆಯಿಲ್ಲದ ದಿನಗಳು ಸರಾಸರಿ 114ರಷ್ಟು ಹೆಚ್ಚಿದವು, ಹೊರರೋಗಿ ವೆಚ್ಚ 594 ಡಾಲರಿನಷ್ಟು ಕಡಿಮೆಯಿತ್ತು. ಇಂಗ್ಲೆಂಡಿನ 51 ಚಿಕಿತ್ಸಾಲಯಗಳಲ್ಲಿ 581 ಜನರೊಂದಿಗೆ ನಡೆದ ಕ್ಯಾಡೆಟ್ ಪ್ರಯೋಗದಲ್ಲಿ ಫಲ ಇದಕ್ಕಿಂತ ಸಣ್ಣದು: ಪಿಎಚ್‌ಕ್ಯು-9ರ 27 ಅಂಕಗಳಲ್ಲಿ ಸುಮಾರು 1.3 ಅಂಕದ ಅಂತರ. ಹಾಗಿದ್ದರೂ ಗುಣಮಟ್ಟದ ಒಂದು ಜೀವನವರ್ಷಕ್ಕೆ, ಅಂದರೆ ಪೂರ್ಣ ಆರೋಗ್ಯದ ಒಂದು ವರ್ಷಕ್ಕೆ ಸಮನಾದ ಲಾಭಕ್ಕೆ, 14,248 ಪೌಂಡ್ ತಗಲಿತು, ಅದು ಆಗ ಅಲ್ಲಿ ಒಪ್ಪಿತವಾಗಿದ್ದ 20,000 ಪೌಂಡಿನ ಮಿತಿಯೊಳಗೇ ಇತ್ತು. ಗೋವಾದ ಮಾನಸ್ ಸೇವೆ ಸರ್ಕಾರಿ ಚಿಕಿತ್ಸಾಲಯಗಳಲ್ಲಿ ಹೆಚ್ಚು ಫಲವನ್ನು ಕಡಿಮೆ ಒಟ್ಟು ವೆಚ್ಚದಲ್ಲಿ ಕೊಟ್ಟಿತು. ಶಾರೀರಿಕ ಕಾಯಿಲೆಯೂ ಜೊತೆಗಿರುವವರಲ್ಲಿ ಮತ್ತು ಸಂಯೋಜಕರ ಸಂಬಳ ತಜ್ಞರದಕ್ಕಿಂತ ಬಹಳ ಕಡಿಮೆಯಿರುವಲ್ಲಿ ಲೆಕ್ಕ ನಿಮ್ಮ ಪರವಾಗುವ ಸಂಭವ ಹೆಚ್ಚು, ಉಳಿದೆಡೆ ಹಣ ಹಾಕಿ ಆರೋಗ್ಯವನ್ನು ಪಡೆಯುತ್ತೀರಿ.

ಇದರಲ್ಲಿ ತಪ್ಪೇನಿದೆ ಎಂದು ನಾನು ಮಂಡಳಿಯವರನ್ನು ಕೇಳಲು ಬಯಸುತ್ತೇನೆ. ಮೂಳೆ ಮುರಿದವರಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಅದರ ಖರ್ಚು ಬೇರೆಲ್ಲಿಂದಲೋ ತಿರುಗಿ ಬರಬೇಕೆಂದು ಯಾರೂ ಷರತ್ತು ಹಾಕುವುದಿಲ್ಲ. ಮನಸ್ಸಿನ ಕಾಯಿಲೆಗೆ ಮಾತ್ರ ಈ ಷರತ್ತು ಏಕೆ? ಒಂದು ಚಿಕಿತ್ಸೆ ಕೊಟ್ಟ ಹಣಕ್ಕೆ ತಕ್ಕಷ್ಟು ಆರೋಗ್ಯವನ್ನು ಕೊಡುತ್ತದೆಯೇ ಎಂಬುದು ನ್ಯಾಯವಾದ ಪ್ರಶ್ನೆ, ಮತ್ತು ಆ ಪ್ರಶ್ನೆಗೆ ಉತ್ತರ ಹೌದು ಎಂದೇ ಬಹುಪಾಲು ಅಧ್ಯಯನಗಳು ಹೇಳುತ್ತವೆ. ಖರ್ಚೇ ಇಲ್ಲದಂತೆ ಆಗಬೇಕು ಎಂಬುದು ಬೇರೆ ಯಾವ ವಿಭಾಗವೂ ಎದುರಿಸದ ಪರೀಕ್ಷೆ.

ಹೆಚ್ಚು ಕಠಿಣವಾದ ತೊಡಕು ಬೇರೆಯದು. ಖರ್ಚು ಮಾಡುವವರು ಒಬ್ಬರು, ಲಾಭ ಸೇರುವುದು ಇನ್ನೊಬ್ಬರಿಗೆ. ಅಮೆರಿಕದ ಇಂಟರ್‌ಮೌಂಟನ್ ಎಂಬ ಆಸ್ಪತ್ರೆ ಜಾಲದ 1,13,452 ರೋಗಿಗಳ ಹತ್ತು ವರ್ಷಗಳ ದಾಖಲೆಯನ್ನು ಪರಿಶೀಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತಂಡದ ಆರೈಕೆಯಿದ್ದ ಚಿಕಿತ್ಸಾಲಯಗಳವರು ತುರ್ತು ಚಿಕಿತ್ಸೆಗೆ ಹೋದದ್ದು ನೂರು ಜನರಿಗೆ ವರ್ಷಕ್ಕೆ 18.1 ಬಾರಿ, ಉಳಿದವರು 23.5 ಬಾರಿ. ಅವರಿಗಾಗಿ ಆ ಜಾಲಕ್ಕೆ ಸಂದಾಯವಾದ ಹಣವೂ ಕಡಿಮೆ: ತಲಾ ವರ್ಷಕ್ಕೆ ಸುಮಾರು 3,401 ಡಾಲರ್, ಉಳಿದವರಿಗೆ 3,516 ಡಾಲರ್. ಇದು ಯಾದೃಚ್ಛಿಕ ಪ್ರಯೋಗವಲ್ಲ, ಅಂದರೆ ಚೀಟಿ ಎತ್ತಿದಂತೆ ಗುಂಪುಗಳನ್ನು ಹಂಚಿದ್ದಲ್ಲ, ದಾಖಲೆಗಳ ಹೋಲಿಕೆ, ಹಾಗಾಗಿ ಸ್ವಲ್ಪ ಎಚ್ಚರದಿಂದ ಓದಬೇಕು. ಆದರೂ ಒಂದು ಸಂಗತಿ ಎದ್ದು ಕಾಣುತ್ತದೆ. ಪಾವತಿಸುವವರ ಪಾಲಿಗೆ ಉಳಿತಾಯವಾದ ಆ ಮೊತ್ತ, ಸಂಯೋಜಕರಿಗೆ ಸಂಬಳ ಕೊಟ್ಟು ಸೇವೆ ಕಟ್ಟಿದ ಸಂಸ್ಥೆಯ ಪಾಲಿಗೆ ಆದಾಯದ ಇಳಿಕೆ. ಪ್ರತಿ ಭೇಟಿಗೆ ಶುಲ್ಕ ಪಡೆಯುವ ಸಂಸ್ಥೆಗಳಲ್ಲಿ ಒಳ್ಳೆಯ ಸಂಯೋಜಿತ ಸೇವೆಗಳು ಅನುದಾನ ಮುಗಿದ ಕೂಡಲೇ ನಿಂತುಹೋಗಲು ಇದು ಒಂದು ಮುಖ್ಯ ಕಾರಣ. ಫೋನಿನಲ್ಲಿ ರೋಗಿಯನ್ನು ವಿಚಾರಿಸಿದ್ದಕ್ಕೂ, ಮನೋವೈದ್ಯರು ಪಟ್ಟಿಯನ್ನು ಪರಿಶೀಲಿಸಿದ್ದಕ್ಕೂ ಬಿಲ್ಲು ಮಾಡಲು ಬರುತ್ತಿರಲಿಲ್ಲ. ಅಮೆರಿಕದಲ್ಲಿ ಮುಖ್ಯವಾಗಿ ಹಿರಿಯರಿಗಿರುವ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ 2017ರಿಂದ ಈ ಕೆಲಸಕ್ಕೆಂದೇ ತಿಂಗಳ ಲೆಕ್ಕದ ಪಾವತಿಯನ್ನು ಆರಂಭಿಸಿದ್ದು ಆ ಕೊರತೆಯನ್ನು ನೀಗಲು.

ಲಾಭದ ದೊಡ್ಡ ಪಾಲು ಆರೋಗ್ಯ ಇಲಾಖೆಯ ಪುಸ್ತಕಕ್ಕೇ ಬರುವುದಿಲ್ಲ ಎಂಬುದನ್ನೂ ಸೇರಿಸಬೇಕು. ಖಿನ್ನತೆ ಮತ್ತು ಆತಂಕದ ಚಿಕಿತ್ಸೆಯನ್ನು 36 ದೇಶಗಳಲ್ಲಿ ವಿಸ್ತರಿಸಿದರೆ ಹಾಕಿದ ಪ್ರತಿ ಡಾಲರಿಗೆ ಸುಮಾರು 4 ಡಾಲರಿನಷ್ಟು ಪ್ರತಿಫಲ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಸಹಯೋಗದ 2016ರ ಅಂದಾಜು ಹೇಳಿತು. ಅದು ಜನ ಕೆಲಸಕ್ಕೆ ಮರಳುವುದರಿಂದ ಮತ್ತು ಆರೋಗ್ಯವಂತ ವರ್ಷಗಳಿಗೆ ಕಟ್ಟಿದ ಬೆಲೆಯಿಂದ ಬಂದದ್ದು, ಆಸ್ಪತ್ರೆಯ ಖರ್ಚಿನ ಇಳಿಕೆಯಿಂದಲ್ಲ. ಸರ್ಕಾರವೊಂದಕ್ಕೆ ಈ ವಾದ ಸಲ್ಲುತ್ತದೆ. ಒಂದು ಚಿಕಿತ್ಸಾಲಯದ ವಾರ್ಷಿಕ ಲೆಕ್ಕಕ್ಕೆ ಸಲ್ಲುವುದಿಲ್ಲ.

ದೀರ್ಘಕಾಲದ ಕಾಯಿಲೆಯ ಜೊತೆಗೆ ಮಾನಸಿಕ ತೊಂದರೆಯೂ ಇದ್ದರೆ ಒಬ್ಬರ ಆರೋಗ್ಯ ವೆಚ್ಚ ಕನಿಷ್ಠ ಶೇ. 45ರಷ್ಟು ಏರುತ್ತದೆ ಎಂಬ ಬ್ರಿಟನ್ನಿನ ಕಿಂಗ್ಸ್ ಫಂಡ್ ಸಂಸ್ಥೆಯ 2012ರ ಅಂಕಿಯನ್ನು ನೀವು ನೋಡಿರಬಹುದು. ಅದನ್ನು ಉಪಯೋಗಿಸಿ, ಆದರೆ ಚಿಕಿತ್ಸೆ ಕೊಟ್ಟರೆ ಆ ಶೇ. 45 ಪೂರ್ತಿ ಉಳಿಯುತ್ತದೆ ಎಂಬ ಅರ್ಥ ಬರದಂತೆ ಬರೆಯಿರಿ. ಹೆಚ್ಚುವರಿ ವೆಚ್ಚಕ್ಕೆಲ್ಲ ಮಾನಸಿಕ ತೊಂದರೆಯೇ ಕಾರಣವಲ್ಲ, ಚಿಕಿತ್ಸೆ ಪಡೆದವರೆಲ್ಲ ಗುಣವಾಗುವುದೂ ಇಲ್ಲ.

ಉತ್ತರ 3
ಬರೆದವರು: ಆರೈಕೆ ಸಂಯೋಜಕಿ

ಯಾವ ಭಾಗವನ್ನು ಬಿಡಬಹುದು ಎಂದು ಕೇಳಿದ್ದೀರಿ. ಈ ಕೆಲಸವನ್ನು ಮಾಡುವವಳಾಗಿ ಹೇಳುತ್ತೇನೆ: ಹಣ ಕಡಿಮೆಯಾದಾಗ ಆಡಳಿತದವರು ಮೊದಲು ಕೈಹಾಕುವುದು ಮನೋವೈದ್ಯರ ವಾರದ ಪರಿಶೀಲನೆಗೆ, ಏಕೆಂದರೆ ಆ ಒಂದು ಗಂಟೆಯಲ್ಲಿ ಒಬ್ಬ ರೋಗಿಯೂ ಕೋಣೆಯೊಳಗೆ ಕಾಣಿಸುವುದಿಲ್ಲ. ದಯವಿಟ್ಟು ಅದನ್ನು ಮುಟ್ಟಬೇಡಿ. ಸುಧಾರಿಸುತ್ತಿರುವವರನ್ನು ನೋಡಿಕೊಳ್ಳಲು ನನ್ನಂಥವರಿಗೆ ಬರುತ್ತದೆ. ಎರಡು ತಿಂಗಳಾದರೂ ಅಂಕ ಇಳಿಯದ, ಔಷಧವನ್ನು ಒಪ್ಪದ, ಮನೆಯಲ್ಲಿ ಹಿಂಸೆಯಿರುವ, ಕುಡಿತವೂ ಜೊತೆಗೂಡಿರುವ ಒಬ್ಬರ ವಿಷಯದಲ್ಲಿ ಮುಂದೇನು ಮಾಡಬೇಕೆಂದು ತಿಳಿಯುವುದು ಆ ಗಂಟೆಯಲ್ಲಿಯೇ. ಅದಿಲ್ಲದಿದ್ದರೆ ಅಂಥವರು ಪಟ್ಟಿಯಲ್ಲಿ ಹೆಸರಾಗಿ ಮಾತ್ರ ಉಳಿಯುತ್ತಾರೆ, ಸಂಯೋಜಕರು ಆ ಭಾರವನ್ನು ಒಬ್ಬರೇ ಹೊತ್ತು ಬೇಸತ್ತು ಕೆಲಸ ಬಿಡುತ್ತಾರೆ. ಹೊಸಬರನ್ನು ತಂದು ತರಬೇತಿ ಕೊಡುವ ಖರ್ಚು, ನಡುವೆ ಕೈತಪ್ಪಿ ಹೋದ ರೋಗಿಗಳ ನಷ್ಟ, ಇವು ಯಾವ ಲೆಕ್ಕದಲ್ಲಿಯೂ ಬರುವುದಿಲ್ಲ.

ಎರಡನೆಯದು, ಸಂಯೋಜಕರ ಸಮಯ. ಚಿಕಿತ್ಸಾಲಯದಲ್ಲಿ ಜನ ಕಡಿಮೆಯಿರುವಾಗ ಲಸಿಕೆಯ ಸಾಲನ್ನು ನೋಡಿಕೊಳ್ಳಿ, ದಾಖಲೆ ತುಂಬಿಸಿ ಎಂದು ಕೆಲಸ ಹಚ್ಚುವುದು ಸಹಜವಾಗಿ ಆರಂಭವಾಗುತ್ತದೆ. ಕೆಲವೇ ತಿಂಗಳುಗಳಲ್ಲಿ ಫೋನು ಮಾಡುವ ಹೊತ್ತೇ ಉಳಿಯುವುದಿಲ್ಲ. ಬರಬೇಕಾದ ದಿನ ಬಾರದವರನ್ನು ಹುಡುಕುವುದೇ ಈ ಸೇವೆಯ ಜೀವ, ಮತ್ತು ಮೊದಲ ಕರೆಗೆ ಉತ್ತರಿಸದವರಲ್ಲಿಯೇ ಹೆಚ್ಚು ಕುಗ್ಗಿದವರು ಇರುತ್ತಾರೆ. ಆದ್ದರಿಂದ ಸಂಯೋಜಕರ ಗಂಟೆಗಳು ಬೇರೆ ಕೆಲಸಕ್ಕೆ ಸಲ್ಲದಂತೆ ಲಿಖಿತವಾಗಿ ಕಾಯ್ದಿರಿಸಿ.

ಉಳಿಸಬಹುದಾದದ್ದೂ ಇದೆ. ದುಬಾರಿ ತಂತ್ರಾಂಶ ಬೇಕಿಲ್ಲ, ಚೆನ್ನಾಗಿ ಇಟ್ಟುಕೊಂಡ ಒಂದು ಸರಳ ಕೋಷ್ಟಕದಲ್ಲಿ ನೋಂದಣಿ ಪಟ್ಟಿಯನ್ನು ನಡೆಸಬಹುದು. ಮನೋವೈದ್ಯರು ಅಲ್ಲಿಗೇ ಬರಬೇಕೆಂದಿಲ್ಲ, ಫೋನು ಅಥವಾ ವಿಡಿಯೊ ಸಾಕು. ಮೊದಲ ಭೇಟಿಯ ನಂತರದ ವಿಚಾರಣೆಗಳಲ್ಲಿ ಹೆಚ್ಚಿನವನ್ನು ಫೋನಿನಲ್ಲಿ ಮಾಡಬಹುದು. ಮೊದಲ ವರ್ಷವೇ ಬಂದವರೆಲ್ಲರನ್ನೂ ಪ್ರಶ್ನಾವಳಿಗೆ ಒಳಪಡಿಸುವ ಬದಲು ಮಧುಮೇಹ, ಹೃದ್ರೋಗ, ಹೆರಿಗೆಯ ನಂತರದ ತಾಯಂದಿರು, ಮೇಲಿಂದ ಮೇಲೆ ಬರುವವರು ಇವರಿಂದ ಆರಂಭಿಸಬಹುದು. ಗುರುತಿಸಿದವರಿಗೆ ಕೊಡಲು ಚಿಕಿತ್ಸೆಯೇ ಇಲ್ಲದಷ್ಟು ಜನರನ್ನು ಗುರುತಿಸುವುದು ಅವರಿಗೆ ಮಾಡುವ ಅನ್ಯಾಯ.

ಒಂದು ಸಣ್ಣ ವಿಷಯ, ಆದರೆ ಬಿಡಬಾರದ್ದು: ಬಾಗಿಲು ಮುಚ್ಚಿಕೊಳ್ಳುವ ಒಂದು ಕೋಣೆ ಬೇಕು. ಪರದೆಯಾಚೆ ಬೇರೆಯವರು ಕುಳಿತಿರುವಾಗ ಪಿಎಚ್‌ಕ್ಯು-9ರ ಒಂಬತ್ತನೆಯ ಪ್ರಶ್ನೆಗೆ, ಸಾಯುವ ಯೋಚನೆಯ ಪ್ರಶ್ನೆಗೆ, ಯಾರೂ ನಿಜವಾದ ಉತ್ತರ ಕೊಡುವುದಿಲ್ಲ.

ಉತ್ತರ 4
ಬರೆದವರು: ಕುಟುಂಬದ ಸದಸ್ಯ

ಇಲ್ಲಿಯವರೆಗಿನ ಚರ್ಚೆ ಖಿನ್ನತೆಯ ಸುತ್ತ ಇದೆ. ಸ್ಕಿಜೋಫ್ರೇನಿಯಾ ಇರುವ ಒಬ್ಬರನ್ನು ಮನೆಯಲ್ಲಿ ನೋಡಿಕೊಳ್ಳುವವನಾಗಿ ಇನ್ನೊಂದು ದಿಕ್ಕನ್ನು ಸೇರಿಸಲು ಬಯಸುತ್ತೇನೆ. ನಮ್ಮಂಥವರಿಗೆ ಬೇಕಾದದ್ದು ಸಾಮಾನ್ಯ ಚಿಕಿತ್ಸಾಲಯದೊಳಗೆ ಮನೋಚಿಕಿತ್ಸೆ ಮಾತ್ರವಲ್ಲ, ಮನೋಚಿಕಿತ್ಸೆಯೊಳಗೆ ಸಾಮಾನ್ಯ ಆರೋಗ್ಯ ಸೇವೆಯೂ ಹೌದು.

ತೀವ್ರ ಮಾನಸಿಕ ಕಾಯಿಲೆ ಇರುವವರು ಇತರರಿಗಿಂತ 10ರಿಂದ 20 ವರ್ಷ ಮೊದಲೇ ತೀರಿಕೊಳ್ಳುತ್ತಾರೆ, ಮತ್ತು ಆ ಸಾವುಗಳಲ್ಲಿ ಹೆಚ್ಚಿನವು ಹೃದ್ರೋಗ, ಮಧುಮೇಹ, ಶ್ವಾಸಕೋಶದ ಕಾಯಿಲೆಯಂಥ ತಡೆಯಬಹುದಾದ ಕಾರಣಗಳಿಂದ. ಅನಿವಾರ್ಯವಾಗಿ ಕೊಡುವ ಕೆಲವು ಔಷಧಗಳೇ ತೂಕವನ್ನೂ ಸಕ್ಕರೆಯನ್ನೂ ಏರಿಸುತ್ತವೆ. ಹೀಗಿದ್ದೂ ಎದೆನೋವು ಎಂದಾಗ ಅದನ್ನು ಭ್ರಮೆಯೆಂದು ತಳ್ಳಿಹಾಕಿದ್ದನ್ನು ನಾವು ಅನುಭವಿಸಿದ್ದೇವೆ. ಬೆಂಜಮಿನ್ ಡ್ರಸ್ ಅವರು 2010ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಸಮುದಾಯ ಮಾನಸಿಕ ಆರೋಗ್ಯ ಕೇಂದ್ರಕ್ಕೆ ಬರುವ 407 ಜನರಲ್ಲಿ ಅರ್ಧದಷ್ಟು ಮಂದಿಗೆ, ದೇಹದ ಆರೋಗ್ಯದ ಬಗ್ಗೆ ತಿಳಿಸಿಕೊಡುವ ಮತ್ತು ವೈದ್ಯರ ಬಳಿಗೆ ತಲುಪಲು ನೆರವಾಗುವ ಸಂಯೋಜಕ ನರ್ಸ್ ಒಬ್ಬರನ್ನು ಒದಗಿಸಲಾಯಿತು. ವರ್ಷದ ಕೊನೆಗೆ ಅವರಿಗೆ ಸಿಗಬೇಕಾದ ತಪಾಸಣೆ, ಲಸಿಕೆ ಮೊದಲಾದ ಮುಂಜಾಗ್ರತಾ ಸೇವೆಗಳಲ್ಲಿ ಶೇ. 58.7 ದೊರೆತಿದ್ದವು, ಉಳಿದವರಿಗೆ ಶೇ. 21.8.

ಖರ್ಚಿನ ಲೆಕ್ಕ ಹಾಕುವಾಗ ಮನೆಯವರ ಖರ್ಚನ್ನೂ ಬರೆಯಿರಿ. ಎರಡು ಕಡೆಗೆ ಎರಡು ದಿನ ಕರೆದುಕೊಂಡು ಹೋಗುವವರು ಎರಡು ದಿನದ ದುಡಿಮೆಯನ್ನು ಬಿಡುತ್ತಾರೆ. ಒಂದೇ ಸೂರಿನಡಿ ಎರಡೂ ಆದರೆ ಉಳಿಯುವ ಆ ಒಂದು ದಿನ ಸಂಸ್ಥೆಯ ಪುಸ್ತಕದಲ್ಲಿ ಕಾಣುವುದಿಲ್ಲ, ನಮ್ಮ ಬದುಕಿನಲ್ಲಿ ಕಾಣುತ್ತದೆ.

ಮರುಪ್ರಶ್ನೆ
ಬರೆದವರು: ಯೋಜನಾ ಸಹಾಯಕ

ಎಲ್ಲರಿಗೂ ಮನಃಪೂರ್ವಕ ಕೃತಜ್ಞತೆಗಳು. ತಾನೇ ಖರ್ಚು ತೀರಿಸಿಕೊಳ್ಳುವ ಯೋಜನೆ ಎಂಬ ಮಾತನ್ನು ಕರಡಿನಿಂದ ತೆಗೆದು, ಕಡಿಮೆ ಹೆಚ್ಚುವರಿ ವೆಚ್ಚದಲ್ಲಿ ಗಣನೀಯ ಫಲ ಕೊಡುವ ಯೋಜನೆ ಎಂದು ಬರೆಯುತ್ತೇನೆ. ವಾರದ ಪರಿಶೀಲನೆಯನ್ನೂ ಸಂಯೋಜಕರ ಸಮಯವನ್ನೂ ಕಡಿತಗೊಳಿಸಬಾರದ ಅಂಶಗಳೆಂದು ಸೇರಿಸುತ್ತೇನೆ. ತೀವ್ರ ಕಾಯಿಲೆಯವರ ದೇಹದ ಆರೋಗ್ಯಕ್ಕೆ ಪ್ರತ್ಯೇಕ ಅಧ್ಯಾಯವೇ ಬೇಕೆಂದು ಮನವರಿಕೆಯಾಯಿತು. ಇನ್ನು ಒಂದೇ ಸಂದೇಹ. ಎರಡು ವರ್ಷಗಳ ನಂತರ ಸೇವೆ ಫಲಿಸಿತೇ ಎಂದು ಮಂಡಳಿ ಕೇಳಿದರೆ ತೋರಿಸಲು ಈಗಿನಿಂದಲೇ ಏನೇನನ್ನು ದಾಖಲಿಸಿಕೊಳ್ಳಬೇಕು?

ಉತ್ತರ 5
ಬರೆದವರು: ಆರೋಗ್ಯ ಅರ್ಥಶಾಸ್ತ್ರದ ಅಧ್ಯಾಪಕ

ಸೇವೆಗೆ ಸೇರಿದವರ ಸಂಖ್ಯೆಯನ್ನು ಸಾಧನೆಯೆಂದು ತೋರಿಸಬೇಡಿ. ಸೇರಿದವರಲ್ಲಿ ಒಂದು ತಿಂಗಳೊಳಗೆ ಎರಡನೆಯ ಬಾರಿ ಮಾತಿಗೆ ಸಿಕ್ಕವರೆಷ್ಟು, ಆರು ತಿಂಗಳಿಗೆ ಅಂಕ ಅರ್ಧಕ್ಕಿಳಿದವರೆಷ್ಟು, ಇಳಿಯದವರಲ್ಲಿ ಚಿಕಿತ್ಸೆ ಬದಲಾದವರೆಷ್ಟು ಎಂಬುದನ್ನು ದಾಖಲಿಸಿ. ನಡುವೆ ಬಿಟ್ಟುಹೋದವರನ್ನು ಲೆಕ್ಕದಿಂದ ತೆಗೆಯದೆ, ಸುಧಾರಿಸದವರೆಂದೇ ಎಣಿಸಿ. ವೆಚ್ಚದ ಕಡೆ ಸಂಯೋಜಕರ ಮತ್ತು ಮನೋವೈದ್ಯರ ಗಂಟೆಗಳು, ತರಬೇತಿ, ಔಷಧ, ತುರ್ತು ಭೇಟಿ, ಒಳರೋಗಿ ದಿನಗಳು, ಮತ್ತು ಮೇಲೆ ಹೇಳಿದಂತೆ ಮನೆಯವರು ಕಳೆದುಕೊಂಡ ದಿನಗಳು ಇರಲಿ. ಮೊದಲ ಕೆಲವು ತಿಂಗಳು ಸಂಯೋಜಕರ ಪಟ್ಟಿ ತುಂಬಿರುವುದಿಲ್ಲವಾದ್ದರಿಂದ ತಲಾ ವೆಚ್ಚ ಬಹಳ ಹೆಚ್ಚಾಗಿ ಕಾಣುತ್ತದೆ. ಆ ಅವಧಿಯನ್ನು ಬೇರೆಯಾಗಿಯೇ ತೋರಿಸಿ.

ಇನ್ನೊಂದು ಅಪಾಯ ಮೊದಲ ದಿನವೇ ಗಮನದಲ್ಲಿರಲಿ. ಜನ ಚಿಕಿತ್ಸೆಗೆ ಸೇರುವುದು ತಮ್ಮ ಅತ್ಯಂತ ಕೆಟ್ಟ ದಿನಗಳಲ್ಲಿ, ಹಾಗಾಗಿ ಏನೂ ಮಾಡದಿದ್ದರೂ ಹಲವರು ತಿಂಗಳುಗಳಲ್ಲಿ ಸ್ವಲ್ಪ ಸುಧಾರಿಸುತ್ತಾರೆ. ಮಾನಸ್ ಪ್ರಯೋಗದ ಹೋಲಿಕೆಯ ಗುಂಪಿನಲ್ಲಿಯೂ ಶೇ. 42.5 ಜನ ಚೇತರಿಸಿಕೊಂಡಿದ್ದರು ಎಂಬುದನ್ನು ನೆನೆಯಿರಿ. ಮೊದಲು ಮತ್ತು ನಂತರದ ಅಂಕಗಳನ್ನು ಮಾತ್ರ ಹೋಲಿಸಿದರೆ ಆ ಸಹಜ ಚೇತರಿಕೆಯೆಲ್ಲ ನಿಮ್ಮ ಸೇವೆಯ ಖಾತೆಗೆ ಜಮೆಯಾಗುತ್ತದೆ. ನಿಮ್ಮ ಸಂಸ್ಥೆಯಲ್ಲಿ ಹಲವು ಚಿಕಿತ್ಸಾಲಯಗಳಿದ್ದರೆ ಎಲ್ಲ ಕಡೆಯೂ ಒಟ್ಟಿಗೆ ಆರಂಭಿಸದೆ, ಚೀಟಿ ಎತ್ತಿ ಸರದಿ ನಿಗದಿಪಡಿಸಿ, ಆರು ತಿಂಗಳ ಅಂತರದಲ್ಲಿ ಒಂದೊಂದು ಗುಂಪನ್ನು ಸೇರಿಸುತ್ತಾ ಹೋಗಿ, ಮತ್ತು ಸರದಿ ಬಾರದ ಕಡೆಗಳಲ್ಲಿಯೂ ಇಂದಿನಿಂದಲೇ ಅಂಕಗಳನ್ನು ಬರೆದಿಡಿ. ಅಲ್ಲಿ ತೀವ್ರ ಅಂಕ ಕಂಡುಬಂದವರನ್ನು ಮಾತ್ರ ಸರದಿಗಾಗಿ ಕಾಯಿಸದೆ ಕೂಡಲೇ ಮನೋವೈದ್ಯರ ಬಳಿಗೆ ಕಳುಹಿಸಿ.